ಒಂದೇ ತೋಟ, ಹಲವು ನೆನಪು

ತಮಿಳುನಾಡಿನ ಅಂಚಿನಲ್ಲಿ, ಕೇರಳದ ವಯನಾಡಿಗೆ ತಾಗಿಕೊಂಡೇ ಇರುವ ಊರು ಚೇರಂಬಾಡಿ. ಗುಂಡ್ಲುಪೇಟೆ ಕಡೆಯವನಾದ ನಾನು ಅಲ್ಲಿನ ಚಹಾ ತೋಟವೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಮೇಸ್ತ್ರಿಗಳಲ್ಲಿ ಮಲಯಾಳಿಗಳೇ ಹೆಚ್ಚು. ಎಲೆ ಕೀಳುತ್ತಿದ್ದವರು ಬಹುಪಾಲು ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬದ ಹೆಂಗಸರು. ಕಳೆ ತೆಗೆಯಲು, ಗೊಬ್ಬರ ಹಾಕಲು ಹತ್ತಿರದ ಹಾಡಿಯ ಪಣಿಯ ಬುಡಕಟ್ಟಿನವರು ಬರುತ್ತಿದ್ದರು. ಕೂಲಿ, ತೂಕ, ಮುಂಗಡ, ರಜೆಯ ನಿಯಮಗಳು ಮಾತ್ರ ಎಲ್ಲರಿಗೂ ಒಂದೇ.

ಎಲೆ ತೂಗುವ ಹೊತ್ತಿನಲ್ಲಿ ದಿನವೂ ತಕರಾರು. ಮಳೆಗಾಲದಲ್ಲಿ ಎಲೆಗೆ ಅಂಟಿದ ನೀರಿನ ಲೆಕ್ಕಕ್ಕೆ ಇಷ್ಟು, ಚೀಲಕ್ಕೆ ಇಷ್ಟು ಎಂದು ತೂಕ ಕಳೆಯುವುದು ವಾಡಿಕೆ. ಅಲ್ಲೊಬ್ಬ ಹಿರಿಯಾಕೆ ಸೆರಗಿನಲ್ಲಿ ಸಣ್ಣ ಪುಸ್ತಕ ಸಿಕ್ಕಿಸಿಕೊಂಡೇ ಬರುತ್ತಿದ್ದರು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕದಲುತ್ತಿರಲಿಲ್ಲ. ಅಂಕಿ ಬರೆದುಕೊಂಡು, "ಇದಕ್ಕೆ ಸೈನ್ ಹಾಕಿ ಅಯ್ಯಾ" ಎನ್ನುತ್ತಿದ್ದರು. ಮೇಸ್ತ್ರಿಗಳ ಪ್ರಕಾರ ಅದು ಜಗಳಗಂಟಿತನ. ಶ್ರೀಲಂಕಾದಿಂದ ಮರಳಿದ ಆ ಜನರ ಹಿನ್ನೆಲೆ ತಿಳಿದವರಿಗೆ ಹಾಗೆ ಅನ್ನಿಸದು. 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ ತೋಟದ ತಮಿಳರಲ್ಲಿ ಲಕ್ಷಾಂತರ ಮಂದಿ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ನಡುವೆ ಒಪ್ಪಂದವಾಗಿ, 5,25,000 ಮಂದಿಯನ್ನು ಭಾರತ ಸ್ವೀಕರಿಸುವುದೆಂದು ತೀರ್ಮಾನವಾಯಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದೇ ನೀಲಗಿರಿಯಲ್ಲಿ ಸರ್ಕಾರಿ ಚಹಾ ತೋಟಗಳು ಎದ್ದವು. ಕಾಗದವಿಲ್ಲದೆ ಊರನ್ನೇ ಕಳೆದುಕೊಂಡವರು ಕಾಗದವನ್ನಲ್ಲದೆ ಇನ್ನೇನನ್ನು ನಂಬಿಯಾರು?

ಪಣಿಯರದು ಇದಕ್ಕೆ ತದ್ವಿರುದ್ಧ. ಚಿಗುರು ಉಕ್ಕುವ ಹಂಗಾಮಿನಲ್ಲಿ ಆಳು ತಪ್ಪಿಹೋಗದಿರಲೆಂದು ಆಡಳಿತದವರು ಮುಂಗಡ ಕೊಡುತ್ತಿದ್ದರು. ಉಳಿದವರು ಸಾಲಾಗಿ ನಿಂತು ಪಡೆದರೆ ಹಾಡಿಯ ಯಜಮಾನನಾದ ಮೂಪ್ಪ ಕೈಯನ್ನೇ ಚಾಚಲಿಲ್ಲ. "ಕೆಲಸ ಆಗಲಿ, ಆಮೇಲೆ ಕೊಡಿ" ಎಂದಷ್ಟೇ ಹೇಳಿ ಹೊರಟುಬಿಟ್ಟರು. ಕಚೇರಿಯಲ್ಲಿ ಇದಕ್ಕೆ ಸೋಮಾರಿತನ ಎಂದು ಹೆಸರಿಟ್ಟರು. ಆದರೆ ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಜಮೀನ್ದಾರರು ಪಣಿಯರ ಕೈಗೆ ಒಂದಿಷ್ಟು ಹಣವಿಟ್ಟು ಇಡೀ ವರ್ಷಕ್ಕೆ ಆಳಾಗಿ ಕಟ್ಟಿಹಾಕುತ್ತಿದ್ದ ಪದ್ಧತಿ ತೀರಾ ಹಳೆಯದಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ. ನಮ್ಮ ಲೆಕ್ಕದಲ್ಲಿ ಉಪಕಾರವಾಗಿದ್ದ ಮುಂಗಡ ಅವರಿಗೆ ಕೊರಳ ಹಗ್ಗವಾಗಿತ್ತು.

ನಾವು ಮಾಡಿದ ಬದಲಾವಣೆಗಳು ಸಣ್ಣವು. ಎಷ್ಟು ತೂಕ ಕಳೆಯುತ್ತೇವೆಂದು ಬೆಳಿಗ್ಗೆಯೇ ಬೋರ್ಡಿನ ಮೇಲೆ ಬರೆದೆವು. ಕೇಳಿದವರ ಪುಸ್ತಕಕ್ಕೆ ಸೈನ್ ಹಾಕಿದೆವು. ಪಣಿಯರಿಗೆ ಮುಂಗಡದ ಬದಲು ವಾರವಾರವೂ ಕೂಲಿ ಕೊಟ್ಟೆವು. ಹಾಡಿಯಲ್ಲಿ ಸಾವಾದರೆ ಯಾರೂ ಕೆಲಸಕ್ಕೆ ಬರುವುದಿಲ್ಲ. ಅದನ್ನು ಗೈರುಹಾಜರಿ ಎಂದು ಬರೆಯುವ ಬದಲು, ಆ ದಿನಗಳ ಕೆಲಸವನ್ನು ಮುಂದೆ ಯಾವಾಗ ಮುಗಿಸಬೇಕೆಂದು ಮೂಪ್ಪನೊಡನೆ ಕೂತು ಮಾತಾಡಿಕೊಂಡೆವು. ತೂಕದ ಜಗಳ ತಣ್ಣಗಾಯಿತು. ಹಾಡಿಯವರು ಹೇಳಿದ ದಿನಕ್ಕೆ ತಪ್ಪದೆ ಬಂದರು.

ಇಂಥ ವ್ಯತ್ಯಾಸಗಳನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೀಡ್ ಐಬಿಎಂ ನೌಕರರ ಸಮೀಕ್ಷೆಯನ್ನು ಆಧರಿಸಿ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದೊಂದು ದೇಶದ ಸಂಸ್ಕೃತಿಗೂ ಅಂಕ ಕೊಟ್ಟರು. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇಂದಿಗೂ ಅದರ ಪಾಠ ನಡೆಯುತ್ತದೆ. ದೇಶ ದೇಶಗಳ ನಡುವೆ ವ್ಯವಹರಿಸುವವರಿಗೆ ಅದು ಉಪಯೋಗಕ್ಕೆ ಬಂದೀತು. ಆದರೆ ಇಡೀ ಭಾರತಕ್ಕೆ ಕೊಟ್ಟ ಅಂಕ ನಮ್ಮ ತೂಕದ ಶೆಡ್ಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಭಾರತವೇ ನಾಲ್ಕಾರು ಬಗೆಯಾಗಿ ನಿಂತಿರುತ್ತದೆ.

ಈಗ ಈ ಸೀಮೆಯ ತೋಟಗಳಿಗೆ ಜಾರ್ಖಂಡ್, ಅಸ್ಸಾಂ ಕಡೆಯಿಂದಲೂ ಜನ ಬರುತ್ತಿದ್ದಾರೆ. ಅವರನ್ನು ಕೆಲಸಕ್ಕೆ ಹಚ್ಚಲಿರುವ ತರುಣ ಮ್ಯಾನೇಜರುಗಳಿಗೆ ನನ್ನ ಕಳಕಳಿಯ ಮಾತಿಷ್ಟೇ: ಒಂದು ಸಮುದಾಯವನ್ನು ಸೋಮಾರಿ, ಜಗಳಗಂಟಿ ಎಂದು ಕರೆಯುವ ಮೊದಲು, ಅವರು ಈವರೆಗೆ ಯಾರ ಕೈಕೆಳಗೆ ದುಡಿದರು, ಅಲ್ಲಿ ಏನನ್ನು ಕಳೆದುಕೊಂಡರು ಎಂದು ವಿಚಾರಿಸಿ. ಉತ್ತರ ಸಿಕ್ಕಮೇಲೆ ನಿಯಮವನ್ನು ತಿದ್ದಲು ಹಿಂಜರಿಯಬೇಡಿ.