ಅಮೆರಿಕದ ಸಮುದಾಯ ಕಾಲೇಜುಗಳು: ಅಲ್ಲಿ ಕಲಿತವರು, ಅಲ್ಲಿ ಕಲಿಸಿದವರು

ನಮ್ಮ ತರಗತಿಯಲ್ಲಿ ವಯಸ್ಸಿನಿಂದ ನಾನೇ ಹಿರಿಯ. ಪಿ.ಯು.ಸಿ. ಮುಗಿದ ಮೇಲೆ ಮೂರು ವರ್ಷ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆದು, ಆ ಬಳಿಕ ಬಿ.ಎ. ತರಗತಿಗೆ ಬಂದು ಕುಳಿತವನು ನಾನು. ಸಹಪಾಠಿಗಳು ನನ್ನನ್ನು ‘ಅಣ್ಣ’ ಎಂದೇ ಕರೆಯುತ್ತಾರೆ. ಆ ಕರೆಯಲ್ಲಿ ಪ್ರೀತಿಯಿದೆ ಎಂಬುದನ್ನು ಬಲ್ಲೆ. ಆದರೂ ಮೊದಲ ಕೆಲವು ತಿಂಗಳು ಆ ಮಾತು ಕಿವಿಗೆ ಬಿದ್ದಾಗಲೆಲ್ಲ, ಊಟಕ್ಕೆ ಎಲ್ಲರೂ ಎದ್ದ ಮೇಲೆ ಎಲೆಯ ಮುಂದೆ ಬಂದು ಕುಳಿತವನಂತೆ ನನಗೆ ಸಂಕೋಚವಾಗುತ್ತಿತ್ತು.

ಹೀಗಿರುವಾಗ ನಮ್ಮ ಕಾಲೇಜಿನ ಅರ್ಥಶಾಸ್ತ್ರ ಸಂಘದಲ್ಲಿ ಅನ್ಯದೇಶದ ಯಾವುದಾದರೊಂದು ಶಿಕ್ಷಣ ವ್ಯವಸ್ಥೆಯನ್ನು ಕುರಿತು ಪ್ರಬಂಧ ಓದುವ ಸರದಿ ನನಗೆ ಬಂದಿತು. ನಾನು ಅಮೆರಿಕದ ಕಮ್ಯುನಿಟಿ ಕಾಲೇಜುಗಳನ್ನು, ಎಂದರೆ ಸಮುದಾಯ ಕಾಲೇಜುಗಳನ್ನು, ಆರಿಸಿಕೊಂಡೆ. ತಡವಾಗಿ ಬಂದವರನ್ನೂ ಒಳಗೆ ಕರೆಯುವ ಕಾಲೇಜುಗಳು ಅವು ಎಂದು ಕೇಳಿದ್ದೇ ಅದಕ್ಕೆ ಕಾರಣ. ಆ ಪ್ರಬಂಧವನ್ನು ತಿದ್ದಿ, ನನ್ನ ಅನುಭವದ ಒಂದೆರಡು ಮಾತುಗಳನ್ನು ಸೇರಿಸಿ, ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಈ ಕಾಲೇಜುಗಳ ಸ್ವರೂಪವನ್ನು ತಿಳಿಯೋಣ. ಅಮೆರಿಕದಲ್ಲಿ ಪದವಿಯ ವ್ಯಾಸಂಗ ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಸಮುದಾಯ ಕಾಲೇಜಿನಲ್ಲಿ ಅದರ ಮೊದಲ ಎರಡು ವರ್ಷಗಳ ಪಾಠವನ್ನು ಕಡಮೆ ಶುಲ್ಕಕ್ಕೆ ಕಲಿಸುತ್ತಾರೆ. ಎರಡು ವರ್ಷ ಮುಗಿಸಿದವರಿಗೆ ‘ಅಸೋಸಿಯೇಟ್’ ಎಂಬ ಪದವಿ ದೊರೆಯುತ್ತದೆ. ಅಲ್ಲಿಂದ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ ಉಳಿದ ಎರಡು ವರ್ಷಗಳನ್ನು ಪೂರೈಸಬಹುದು. ಇಲ್ಲವೆ ದಾದಿಯರ ಕೆಲಸ, ಯಂತ್ರಗಳ ರಿಪೇರಿ, ಲೆಕ್ಕಪತ್ರ ಮೊದಲಾದ ಕಸುಬುಗಳನ್ನು ಕಲಿತು ನೇರವಾಗಿ ದುಡಿಮೆಗೆ ಇಳಿಯಬಹುದು. ಹೈಸ್ಕೂಲು ಮುಗಿಸಿದ ಯಾರನ್ನೂ ಅಂಕ ಕಡಮೆಯೆಂದು ಹಿಂದಕ್ಕೆ ಕಳುಹಿಸದಿರುವುದು ಇವುಗಳ ಮುಖ್ಯ ಲಕ್ಷಣ. ಹಗಲು ದುಡಿಯುವವರಿಗಾಗಿ ಸಂಜೆಯ ತರಗತಿಗಳೂ ಉಂಟು.

ಇವುಗಳ ಮೂಲ ಬಹಳ ಸಣ್ಣದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಹೈಸ್ಕೂಲಿನಲ್ಲಿಯೇ ಕಾಲೇಜಿನ ಮೊದಲ ಎರಡು ವರ್ಷಗಳ ಪಾಠವನ್ನು ಆರಂಭಿಸಿದರು. ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಇದರ ಪ್ರವರ್ತಕರು. ಅಂದು ಸೇರಿದ ವಿದ್ಯಾರ್ಥಿಗಳು ಆರೇ ಮಂದಿ. ಆಗ ಇವುಗಳಿಗೆ ‘ಜೂನಿಯರ್ ಕಾಲೇಜು’ ಎಂಬ ಹೆಸರಿತ್ತು. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944ರಲ್ಲಿ, ಮರಳುವ ಸೈನಿಕರ ವ್ಯಾಸಂಗಕ್ಕೆ ನೆರವು ನೀಡುವ ಶಾಸನವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವು, ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರದಲ್ಲಿ ಕಾಲೇಜುಗಳು ಇರಬೇಕೆಂದು ಶಿಫಾರಸು ಮಾಡಿ, ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ಬಳಕೆಗೆ ತಂದಿತು. 1960ರ ದಶಕವೊಂದರಲ್ಲಿಯೇ ಇಂಥ ಕಾಲೇಜುಗಳು ನಾನೂರಕ್ಕೂ ಹೆಚ್ಚು ಹುಟ್ಟಿದವು. ಈಗ ಆ ದೇಶದಲ್ಲಿ ಇವುಗಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ.

ಇಲ್ಲಿ ಕಲಿತವರು ಏನಾದರು? ಮೂವರ ಕಥೆಯನ್ನು ಹೇಳುತ್ತೇನೆ.

ಮೊದಲನೆಯವರು ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್. ಷಿಕಾಗೋ ನಗರದ ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ ಬೆಳೆದ ಈಕೆ, 1936ರಲ್ಲಿ ಅಲ್ಲಿನ ವಿಲ್ಸನ್ ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷದ ವ್ಯಾಸಂಗವನ್ನು ಮುಗಿಸಿದರು. ನಾಲ್ಕು ವರ್ಷದ ಪದವಿಯನ್ನು ಅವರು ಪಡೆಯಲೇ ಇಲ್ಲ. ಟೈಪಿಸ್ಟ್ ಮುಂತಾದ ಸಣ್ಣ ಕೆಲಸಗಳನ್ನು ಮಾಡುತ್ತ, ತಮ್ಮ ಕೇರಿಯ ಜನರನ್ನೇ ಕುರಿತು ಕವಿತೆ ಬರೆದರು. 1950ರಲ್ಲಿ ಅವರಿಗೆ ಪುಲಿಟ್ಜರ್ ಪಾರಿತೋಷಕ ಬಂದಿತು. ಆ ಜನಾಂಗದಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಮುಂದೆ ಅವರು ಹಲವು ಕಾಲೇಜುಗಳಲ್ಲಿ ಉಪಾಧ್ಯಾಯಿನಿಯೂ ಆದರು.

ಎರಡನೆಯವರು ಗಗನಯಾತ್ರಿ ಐಲೀನ್ ಕಾಲಿನ್ಸ್. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಊರಿನ ಬಡ ಮನೆಯ ಹುಡುಗಿ. ಕುಟುಂಬವು ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿತ್ತು. ವಿಮಾನ ನಡೆಸುವುದನ್ನು ಕಲಿಯಲು ಆಕೆ ಚಿಕ್ಕಪುಟ್ಟ ಕೆಲಸ ಮಾಡಿ ಹಣ ಕೂಡಿಟ್ಟಳು. 1976ರಲ್ಲಿ ಕಾರ್ನಿಂಗ್ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿ, 1978ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಿಂದ ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದಳು. 1995ರಲ್ಲಿ ಬಾಹ್ಯಾಕಾಶ ನೌಕೆಯ ಮೊದಲ ಮಹಿಳಾ ಚಾಲಕಿ, 1999ರಲ್ಲಿ ಮೊದಲ ಮಹಿಳಾ ದಂಡನಾಯಕಿ. ನಮ್ಮ ಕಲ್ಪನಾ ಚಾವ್ಲಾ ಅವರನ್ನು ಬಲಿತೆಗೆದುಕೊಂಡ 2003ರ ಕೊಲಂಬಿಯಾ ದುರಂತದ ತರುವಾಯ, 2005ರ ಜುಲೈನಲ್ಲಿ ಮತ್ತೆ ಮೊದಲ ಬಾರಿಗೆ ನೌಕೆ ಹಾರಿದಾಗ ಅದರ ನಾಯಕತ್ವವನ್ನು ವಹಿಸಿದವರು ಇದೇ ಕಾಲಿನ್ಸ್.

ಮೂರನೆಯ ಕಥೆ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದುದು. ಎಡ್ವಾರ್ಡೊ ಪಡ್ರೋನ್ ಎಂಬ ಹದಿಹರೆಯದ ಹುಡುಗ 1961ರಲ್ಲಿ ಕ್ಯೂಬಾ ದೇಶದಿಂದ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದ. ತಂದೆತಾಯಿಗಳು ಅಲ್ಲಿಯೇ ಉಳಿದರು. ಜೊತೆಗೆ ಬಂದವನು ತಮ್ಮನೊಬ್ಬನೇ. ಮಯಾಮಿ ನಗರದ ಜೂನಿಯರ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಅಲ್ಲಿಂದ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದು, 1970ರಲ್ಲಿ ಅದೇ ಕಾಲೇಜಿಗೆ ಅಧ್ಯಾಪಕರಾಗಿ ಮರಳಿದರು. 1995ರಿಂದ 2019ರವರೆಗೆ ಆ ಕಾಲೇಜಿನ ಅಧ್ಯಕ್ಷರಾಗಿದ್ದರು. 2016ರಲ್ಲಿ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಸಂದಿತು. ತಾನು ಯಾವ ಬಾಗಿಲಿನಿಂದ ಒಳಗೆ ಬಂದನೋ ಅದೇ ಬಾಗಿಲಿನ ಬಳಿ ನಿಂತು, ಸುಮಾರು ಐವತ್ತು ವರ್ಷ ಬೇರೆಯವರನ್ನು ಒಳಗೆ ಕರೆದ ಜೀವನ ಇದು.

ನಾನು ಸಂಘದಲ್ಲಿ ಪ್ರಬಂಧವನ್ನು ಇಲ್ಲಿಗೇ ಮುಗಿಸಿದ್ದೆ. ಚಪ್ಪಾಳೆಯೂ ಬಿದ್ದಿತು. ಆದರೆ ಸಭೆಯಲ್ಲಿದ್ದ ಅಧ್ಯಾಪಕರೊಬ್ಬರು ಎದ್ದು, “ಗೆದ್ದವರ ಕಥೆ ಚೆನ್ನಾಗಿ ಹೇಳಿದೆ. ಅವರ ಜೊತೆ ಅದೇ ಬೆಂಚಿನಲ್ಲಿ ಕುಳಿತಿದ್ದವರು ಏನಾದರು, ಅದನ್ನು ನೋಡಿದೆಯಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಅದನ್ನೇ ಹುಡುಕತೊಡಗಿದೆ. ಸಿಕ್ಕಿದ ಉತ್ತರ ಸಂತೋಷದ್ದಾಗಿರಲಿಲ್ಲ.

ಸಮುದಾಯ ಕಾಲೇಜಿಗೆ ಸೇರುವವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ, ಮುಂದೆ ನಾಲ್ಕು ವರ್ಷದ ಪದವಿಯನ್ನು ಪಡೆಯಬೇಕೆಂಬ ಆಸೆಯಿಂದಲೇ ಸೇರುತ್ತಾರೆ. ಆದರೆ ವಿಶ್ವವಿದ್ಯಾನಿಲಯಕ್ಕೆ ನಿಜವಾಗಿ ವರ್ಗವಾಗುವವರು ಮೂವರಲ್ಲಿ ಒಬ್ಬರು ಮಾತ್ರ. ಸೇರಿದ ಆರು ವರ್ಷದೊಳಗೆ ಆ ಪದವಿ ಕೈಗೆ ಬಂದವರು ನೂರಕ್ಕೆ ಸುಮಾರು 16 ಮಂದಿ ಎಂದು 2024ರಲ್ಲಿ ಪ್ರಕಟವಾದ ಅಂಕಿ ಅಂಶಗಳು ತಿಳಿಸುತ್ತವೆ. ಬಾಗಿಲು ದೊಡ್ಡದಾಗಿ ತೆರೆದಿದೆ, ನಿಜ. ಒಳಗೆ ಬರುವುದಕ್ಕೆ ಎಷ್ಟು ಸುಲಭವೋ ಹೊರಗೆ ಹೋಗುವುದಕ್ಕೂ ಅಷ್ಟೇ ಸುಲಭ. ಹೀಗೆ ಬಿಟ್ಟುಹೋದವರಲ್ಲಿ ದಡ್ಡರೇ ಹೆಚ್ಚೆಂದು ತಿಳಿಯಬಾರದು. ದುಡಿಮೆಯ ವೇಳೆ ಬದಲಾಯಿತು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರು, ಕಾಲೇಜಿಗೆ ಬರುವ ದಾರಿಖರ್ಚಿಗೆ ಕಾಸಿಲ್ಲವಾಯಿತು, ಒಂದು ಕಾಲೇಜಿನಲ್ಲಿ ಓದಿದ ಪಾಠವನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯಲಿಲ್ಲ. ಇವು ಆ ದೇಶದ ಕಾರಣಗಳು. ಓದುತ್ತಿದ್ದಂತೆ ನನಗೆ ನಮ್ಮ ತಾಲ್ಲೂಕಿನ ಕಾರಣಗಳನ್ನೇ ಓದಿದಂತಾಯಿತು.

ಆದರೆ ಇದಕ್ಕೆ ಮದ್ದೇ ಇಲ್ಲವೆ? ಇದೆ. ನ್ಯೂಯಾರ್ಕ್ ನಗರದ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಒಂದು ಯೋಜನೆಯನ್ನು ಆರಂಭಿಸಿದರು. ಅದಕ್ಕೆ ಸೇರಿದ ವಿದ್ಯಾರ್ಥಿಯ ಶುಲ್ಕದಲ್ಲಿ ಕೊರತೆ ಬಿದ್ದಷ್ಟನ್ನು ಕಾಲೇಜೇ ತುಂಬುತ್ತದೆ. ಪಠ್ಯಪುಸ್ತಕವನ್ನೂ, ನಗರದ ರೈಲು ಬಸ್ಸುಗಳ ಪಾಸನ್ನೂ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನನ್ನು ಆಗಾಗ ಕರೆದು ವಿಚಾರಿಸುವ ಸಲಹೆಗಾರರೊಬ್ಬರು ಇರುತ್ತಾರೆ. ಇತರ ವಿದ್ಯಾರ್ಥಿಗಳಿಗೆ ಆರುನೂರು ಮಂದಿಗೋ ಸಾವಿರ ಮಂದಿಗೋ ಒಬ್ಬ ಸಲಹೆಗಾರರಾದರೆ, ಇಲ್ಲಿ ಅರುವತ್ತು ಎಂಬತ್ತು ಮಂದಿಗೆ ಒಬ್ಬರು. ಇದರ ಫಲವನ್ನು ಪರೀಕ್ಷಿಸಲು, ಒಂದೇ ಬಗೆಯ ಬಡ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಸೌಕರ್ಯ ಕೊಟ್ಟು ನೋಡಿದರು. ಮೂರು ವರ್ಷಗಳಲ್ಲಿ ಸೌಕರ್ಯವಿಲ್ಲದ ಗುಂಪಿನಲ್ಲಿ ನೂರಕ್ಕೆ 22 ಮಂದಿ ವ್ಯಾಸಂಗ ಮುಗಿಸಿದರೆ, ಸೌಕರ್ಯ ಪಡೆದ ಗುಂಪಿನಲ್ಲಿ 40 ಮಂದಿ ಮುಗಿಸಿದರು. ಓಹಾಯೋ ರಾಜ್ಯದ ಮೂರು ಕಾಲೇಜುಗಳಲ್ಲಿ ಇದೇ ಕ್ರಮವನ್ನು ಅನುಸರಿಸಿದಾಗಲೂ ಇಂಥದೇ ಫಲ ಕಂಡುಬಂದಿತು.

ಬಸ್ಸಿನ ಪಾಸಿಗೂ ಪದವಿಗೂ ಏನು ಸಂಬಂಧವೆಂದು ಪಟ್ಟಣದ ಗೆಳೆಯರು ಕೇಳಬಹುದು. ಹಳ್ಳಿಯಿಂದ ಬರುವವರು ಕೇಳಲಾರರು. 2023ರ ಜೂನ್‌ನಲ್ಲಿ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ, ಓದು ನಿಲ್ಲಿಸುವ ಯೋಚನೆಯಲ್ಲಿದ್ದ ನಮ್ಮೂರಿನ ಇಬ್ಬರು ಸೋದರಿಯರು ಮತ್ತೆ ಬೆಳಗಿನ ಬಸ್ಸು ಹತ್ತಿದುದನ್ನು ನಾನೇ ಕಂಡಿದ್ದೇನೆ.

ಇನ್ನು ಕಲಿಸುವವರ ವಿಚಾರ. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಪತ್ನಿ ಜಿಲ್ ಬೈಡನ್, 2009ರಿಂದ 2024ರ ಕೊನೆಯವರೆಗೆ ಉತ್ತರ ವರ್ಜೀನಿಯಾದ ಸಮುದಾಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಪತಿ ಅಧ್ಯಕ್ಷರಾಗಿದ್ದಾಗಲೂ ಅವರು ತರಗತಿಯನ್ನು ಬಿಡಲಿಲ್ಲ. ಆದರೆ ಎಲ್ಲ ಅಧ್ಯಾಪಕರ ಸ್ಥಿತಿ ಹೀಗೆ ನೆಮ್ಮದಿಯದಲ್ಲ. ಈ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖಾಯಂ ಕೆಲಸವಿಲ್ಲದವರು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು ಎಂದು ಓಡಾಡಿ, ತೆಗೆದುಕೊಂಡ ಪಾಠಗಳ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿಯೂ ಸಾವಿರಾರು ಅತಿಥಿ ಉಪನ್ಯಾಸಕರು ಇದ್ದಾರೆ. ಆದ್ದರಿಂದ ಈ ಸಂಗತಿಯನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಪ್ರಥಮ ಬಿ.ಎ. ವರ್ಷದ ಅಡಿಕೆ ಕೊಯ್ಲಿನಲ್ಲಿ ನಮ್ಮ ತಂದೆಯವರು ಮರದಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನು ಮೂರು ವಾರ ಕಾಲೇಜಿಗೆ ಹೋಗಲಿಲ್ಲ. ಮತ್ತೆ ಮಂಡಿಯ ಕೆಲಸಕ್ಕೇ ಹೋಗುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಯೂ ಆಗಿತ್ತು. ಒಂದು ರಾತ್ರಿ ನಮ್ಮ ಇತಿಹಾಸದ ಅತಿಥಿ ಉಪನ್ಯಾಸಕರಿಂದ ಫೋನು ಬಂದಿತು. “ಯಾಕಯ್ಯಾ, ಮುಖವೇ ಕಾಣಿಸಲಿಲ್ಲ? ಮನೆಯಲ್ಲಿ ಎಲ್ಲ ಕ್ಷೇಮವೆ?” ಎಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. “ಕೊಯ್ಲು ಮುಗಿಯುವವರೆಗೆ ವಾರಕ್ಕೆ ಮೂರು ದಿನವಾದರೂ ಬಾ. ಉಳಿದ ದಿನದ ಪಾಠದ ಟಿಪ್ಪಣಿ ನಾನು ಕೊಡುತ್ತೇನೆ. ಹೆಸರು ಮಾತ್ರ ಹೊಡೆಸಿಕೊಳ್ಳಬೇಡ,” ಎಂದರು. ನಾನು ಹೋದೆ. ಇವರೂ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೇ, ಸಂಜೆ ಮುದ್ರಣಾಲಯದಲ್ಲಿ ದುಡಿಯುತ್ತ ಇದೇ ಕೊಠಡಿಗಳಲ್ಲಿ ಓದಿದವರು ಎಂಬುದು ನನಗೆ ಆಮೇಲೆ ತಿಳಿಯಿತು. ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ಊರಿನ ಕಾಲೇಜಿಗೆ ಹೋಗಿ ಅಲ್ಲಿಯೂ ಪಾಠ ಹೇಳುತ್ತಿದ್ದ ಅವರಿಗೆ, ನನಗೆ ಫೋನು ಮಾಡಬೇಕೆಂಬ ನಿಯಮವೇನೂ ಇರಲಿಲ್ಲ. ಈ ವರ್ಷ ಅವರಿಗೆ ನಮ್ಮ ಕಾಲೇಜಿನಲ್ಲಿ ಪಾಠ ದೊರೆಯಲಿಲ್ಲ.

ನನ್ನ ಅಧ್ಯಯನದಿಂದ ನಾನು ತಿಳಿದುಕೊಂಡುದು ಇಷ್ಟು. ನಮ್ಮ ಸರ್ಕಾರಿ ಕಾಲೇಜಿನ ಬಾಗಿಲೂ ದೊಡ್ಡದೇ, ಪಿ.ಯು.ಸಿ. ಪಾಸಾದವರಿಗೆ ಇಲ್ಲಿ ಸಾಮಾನ್ಯವಾಗಿ ಜಾಗವುಂಟು. ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಒಳಗೆ ಬಂದವನು ಎರಡು ದಿನ ಕಾಣದಿದ್ದರೆ ‘ಎಲ್ಲಿ?’ ಎಂದು ಕೇಳುವವರು ಬೇಕು. ಅದು ಒಬ್ಬ ಅಧ್ಯಾಪಕರ ಒಳ್ಳೆಯ ಮನಸ್ಸನ್ನೇ ನೆಚ್ಚಿಕೊಂಡಿದ್ದರೆ, ಅವರು ಹೋದ ದಿನವೇ ಅದೂ ಹೋಗುತ್ತದೆ. ನ್ಯೂಯಾರ್ಕಿನವರು ಮಾಡಿದ್ದು, ಆ ಒಳ್ಳೆಯ ಮನಸ್ಸನ್ನೇ ಒಂದು ಏರ್ಪಾಡನ್ನಾಗಿ ಮಾಡಿದ್ದು.

ಹಣದ ಏರ್ಪಾಡು ನಮ್ಮ ಕೈಯಲ್ಲಿಲ್ಲ. ಆದರೆ ವಿಚಾರಿಸುವ ಏರ್ಪಾಡು ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲಿದೆ. ಪ್ರತಿ ತರಗತಿಯಲ್ಲಿ ಇಬ್ಬರು, ವಾರಕ್ಕೊಮ್ಮೆ ಹಾಜರಿ ಪುಸ್ತಕವನ್ನು ನೋಡಿ, ಸತತವಾಗಿ ಬಾರದವರ ಮನೆಗೆ ಫೋನು ಮಾಡಲಿ ಎಂದು ನಾನು ಪ್ರಾಂಶುಪಾಲರಲ್ಲಿ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ. ಈ ಸಂಚಿಕೆಯಲ್ಲಿ ಉತ್ತಮ ಅಂಕ ಪಡೆದವರ ಭಾವಚಿತ್ರಗಳು ಅಚ್ಚಾಗುತ್ತವೆ. ಆಗಲಿ, ಅದು ನಮಗೆಲ್ಲ ಹೆಮ್ಮೆ. ಕಾಲೇಜು ಬಿಟ್ಟವರ ಹೆಸರನ್ನು ಅಚ್ಚು ಹಾಕುವುದು ಬೇಡ. ಆದರೆ ಆ ಹೆಸರುಗಳು ನಮ್ಮ ನೆನಪಿನಲ್ಲಿರಬೇಕು.

ಹೇಳುವವನು ಮಾಡಿಯೂ ತೋರಿಸಬೇಕಷ್ಟೆ. ಕಳೆದ ವರ್ಷ ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳೆಯನಿಗೆ ಕಳೆದ ವಾರ ಫೋನು ಮಾಡಿದೆ. ಅವನು ಈಗ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. “ಇನ್ನು ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರಣ್ಣ? ವರ್ಷ ಕಳೆದುಹೋಯಿತಲ್ಲ,” ಎಂದ. “ಮೂರು ವರ್ಷ ಕಳೆದುಕೊಂಡು ಬಂದವನು ನಾನು. ನಾಳೆ ಬಾ, ಕಚೇರಿಯಲ್ಲಿ ಇಬ್ಬರೂ ಸೇರಿ ಕೇಳೋಣ,” ಎಂದೆ. ಅವನು ಮರುದಿನ ಬರಲಿಲ್ಲ. ಅದರ ಮರುದಿನ ಬಂದ. ಅರ್ಜಿ ಕೊಟ್ಟಿದ್ದೇವೆ. ಫಲಿತಾಂಶ ಇನ್ನೂ ತಿಳಿದಿಲ್ಲ.