ನಾಯಿಗೆ ಪಾಠ: ಯಾವ ತುತ್ತು, ಯಾರ ಕೈಯಿಂದ?

ಹಾಸನ ಸೀಮೆಯಲ್ಲಿ ನಾಯಿ ಇಲ್ಲದ ತೋಟದ ಮನೆ ಅಪರೂಪ. ಅರಕಲಗೂಡು ಕಡೆ ಹಂದಿ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಮಂಗ, ಎಲ್ಲ ಕಡೆಯೂ ಕಳ್ಳರ ಭಯ. ನಾಯಿಗೆ ಕೆಲಸ ಇದ್ದೇ ಇದೆ. ಆದರೆ ಕರೆದರೆ ಬರುವ, ಬೇಡ ಎಂದರೆ ಬಿಡುವ ನಾಯಿ ಎಷ್ಟು ಮನೆಯಲ್ಲಿದೆ? ಕೋಲು ತೋರಿಸಿ ಕಲಿಸಿದ ನಾಯಿ ಕೋಲು ಕಂಡಾಗ ಮಾತ್ರ ಮಾತು ಕೇಳುತ್ತದೆ. ತುತ್ತು ಕೊಟ್ಟು ಕಲಿಸುವುದು ಸುಲಭ, ಬೇಗ. ಖರ್ಚೂ ಇಲ್ಲ, ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಸಿಗುತ್ತದೆ. ಆದರೆ ಯಾವ ತುತ್ತು ಎಂಬುದನ್ನು ಸ್ವಲ್ಪ ಯೋಚಿಸಿ ಆರಿಸಬೇಕು. ನಮ್ಮ ಹೊಲಗಳ ಮಟ್ಟಿಗೆ ಇದು ನಾಯಿಯ ಜೀವದ ಪ್ರಶ್ನೆಯೂ ಹೌದು.

ಮೊದಲು ಗಾತ್ರ. ಒಂದು ಕಡಲೆಕಾಳಿನಷ್ಟು ಸಾಕು. ನಾಯಿಗೆ ಲೆಕ್ಕ ಸಿಗುವುದು ಎಷ್ಟು ಸಲ ಸಿಕ್ಕಿತು ಎಂಬುದು, ಎಷ್ಟು ದೊಡ್ಡದು ಎಂಬುದಲ್ಲ. ತುತ್ತು ಮೆತ್ತಗಿರಬೇಕು, ಒಂದೇ ಗುಟುಕಿಗೆ ಇಳಿಯಬೇಕು. ಹಸಿ ಮುದ್ದೆ ಇದಕ್ಕೆ ಆಗಿ ಬರೋದಿಲ್ಲ. ಹಲ್ಲಿಗೆ ಮೆತ್ತಿಕೊಂಡು ನಾಯಿ ಅರ್ಧ ನಿಮಿಷ ಬಾಯಿ ಚಪ್ಪರಿಸುತ್ತಾ ನಿಲ್ಲುತ್ತದೆ, ಅಷ್ಟರಲ್ಲಿ ಪಾಠ ಮರೆತಿರುತ್ತದೆ. ರಾಗಿ ರೊಟ್ಟಿಯನ್ನು ಚೂರು ಮಾಡಿದರೆ ವಾಸಿ. ಕೂತ ತಕ್ಷಣ, ಒಂದು ಸೆಕೆಂಡಿನೊಳಗೆ ತುತ್ತು ಬಾಯಿಗೆ ಹೋಗಬೇಕು. ತಡವಾದರೆ ಅದು ಕೂತದ್ದಕ್ಕೆ ಸಿಕ್ಕಿತೋ, ಎದ್ದು ನಿಂತದ್ದಕ್ಕೋ ಎಂದು ನಾಯಿಗೆ ತಿಳಿಯದು.

ಎರಡನೆಯದು ಬೆಲೆ. ಮನೆಯಂಗಳದಲ್ಲಿ ಕೂರಿಸಲು ರೊಟ್ಟಿ ಚೂರು, ಬೇಯಿಸಿದ ಆಲೂಗಡ್ಡೆ ಸಾಕು. ಕೋಳಿ ಹಿಂದೆ ಓಡುತ್ತಿರುವ ನಾಯಿ ವಾಪಸು ಬರಬೇಕಾದರೆ ರೊಟ್ಟಿಗೆ ಬರುವುದಿಲ್ಲ. ಅಲ್ಲಿ ಬೇಯಿಸಿದ ಈಲಿಯೋ ಕೋಳಿ ಮಾಂಸವೋ ಬೇಕು. ದೊಡ್ಡ ಕೆಲಸಕ್ಕೆ ದೊಡ್ಡ ಕೂಲಿ. ಈಲಿಯನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಬೇಯಿಸಿ, ಸಣ್ಣಗೆ ಕತ್ತರಿಸಿ, ತವೆಯ ಮೇಲೆ ತೇವ ಆರಿಸಿಕೊಂಡರೆ ಜೇಬಿಗೆ ಅಂಟುವುದಿಲ್ಲ. ದಿನವೂ ಈಲಿ ಬೇಡ, ಅದರಲ್ಲಿ ಎ ಜೀವಸತ್ವ ಬಹಳ.

ಹಸಿ ಈಲಿ, ಹಸಿ ಪುಪ್ಪುಸವನ್ನು ಮಾತ್ರ ಎಂದೂ ಕೊಡಬೇಡಿ. ಕುರಿಯ ಈಲಿ, ಪುಪ್ಪುಸಗಳಲ್ಲಿ ನೀರುಗುಳ್ಳೆ ಇರುವುದನ್ನು ಕುರಿ ಕಡಿಯುವವರು ನೋಡಿರುತ್ತಾರೆ. ಅದರೊಳಗೆ ಹೈಡಾಟಿಡ್ ಹುಳುವಿನ ಮರಿಗಳಿರುತ್ತವೆ. ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಅವು ಬೆಳೆದು, ಮೊಟ್ಟೆ ಸಗಣಿಯಲ್ಲಿ ಬಿದ್ದು, ಮಕ್ಕಳ ಕೈಯಿಂದ ಬಾಯಿಗೆ ಹೋಗಬಹುದು. ಆಗ ಗುಳ್ಳೆ ಏಳುವುದು ಮನುಷ್ಯರ ಈಲಿಯಲ್ಲಿ.

ಮೂರನೆಯದು ಅಳತೆ. ಪಾಠದ ತುತ್ತೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ದಾಟಬಾರದು. ಹದಿನೈದು ಕಿಲೋ ತೂಗುವ ನಾಟಿ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ಹತ್ತನೇ ಒಂದು ಅಂದರೆ 85. ಒಂದು ಬೇಯಿಸಿದ ಮೊಟ್ಟೆಗೇ ಅದು ಹೆಚ್ಚುಕಮ್ಮಿ ಮುಗಿದುಹೋಗುತ್ತದೆ. ಕೊಬ್ಬರಿಯಾದರೆ ಬರೀ 13 ಗ್ರಾಂ. ಬೇಯಿಸಿದ ಆಲೂಗಡ್ಡೆ ನೂರು ಗ್ರಾಂ ತನಕ ಕೊಡಬಹುದು, ಎರಡೆರಡು ಗ್ರಾಮಿನ ಚೂರು ಮಾಡಿದರೆ ಐವತ್ತು ತುತ್ತು. ಹಾಸನದವರಿಗೆ ಇದಕ್ಕಿಂತ ಅಗ್ಗದ್ದು ಬೇಕೆ? ಉಪ್ಪು ಖಾರ ಹಾಕದೆ ಬೇಯಿಸಿ, ಅಷ್ಟೆ.

ಇಲ್ಲೊಂದು ಎಚ್ಚರ. ಹಸಿರುಗಟ್ಟಿದ, ಮೊಳಕೆ ಬಂದ ಗೆಡ್ಡೆಯಲ್ಲಿ ಸೊಲನೈನ್ ವಿಷ ಇರುತ್ತದೆ, ಬೇಯಿಸಿದರೂ ಹೋಗದು. ಜಲಂಧರದಿಂದ ತರಿಸಿದ ಬಿತ್ತನೆ ಗೆಡ್ಡೆ ಕತ್ತರಿಸಿ ಮ್ಯಾಂಕೋಜೆಬ್‌ನಲ್ಲಿ ಅದ್ದಿ ಉಳಿದ ಹೋಳುಗಳೂ ನಾಯಿಗೆ ಸಲ್ಲ. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳ, ಕೊಬ್ಬರಿಯನ್ನು 'ನಾಯಿಗೆ ತಾನೆ' ಎಂದು ಹಾಕುವ ಅಭ್ಯಾಸ ಬಿಡಬೇಕು. ಅಫ್ಲಾಟಾಕ್ಸಿನ್ ನಾಯಿಯ ಈಲಿಯನ್ನು ಬಹಳ ಬೇಗ ಕೆಡಿಸುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವುದೂ ಬೇಡ. ಬೇಯಿಸಿದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ. ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುವವರು ಸೊಪ್ಪು ಮುಟ್ಟಿದ ಕೈ ತೊಳೆಯದೆ ತುತ್ತು ಕೊಡಬಾರದು.

ಇಲಿಯ ಪಾಠ, ನಾಯಿಯ ಪಾಠ

ಈಗ ಮುಖ್ಯ ವಿಷಯ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ಭತ್ತಕ್ಕೆ ಇಲಿ ಬಿದ್ದಾಗ ಏನು ಮಾಡುತ್ತೇವೆ? ನುಚ್ಚಿಗೋ ಮಂಡಕ್ಕಿಗೋ ಕಡಲೆಕಾಯಿ ಎಣ್ಣೆ ಸವರಿ ಎರಡು ದಿನ ವಿಷವಿಲ್ಲದೆ ಇಡುತ್ತೇವೆ. ಇಲಿಗೆ ರುಚಿ ಹತ್ತಿದ ಮೇಲೆ ಮೂರನೇ ದಿನ 96 ಪಾಲು ಕಾಳಿಗೆ 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಬೆರೆಸಿ ಪೊಟ್ಟಣ ಕಟ್ಟಿ ಬಿಲಕ್ಕೆ ಹಾಕುತ್ತೇವೆ. ಇದು ಇಲಿಗೆ ತುತ್ತು ಕೊಟ್ಟು ಕಲಿಸುವುದೇ ಅಲ್ಲವೆ? ಹೊಲದಲ್ಲಿ ತಿರುಗುವ ನಾಯಿಯೂ ಆ ಎರಡು ದಿನ ಅದೇ ಪಾಠ ಕಲಿಯುತ್ತದೆ. ಮನೆಯಲ್ಲಿ ನೀವೂ ಹುರಿದ ಕಡಲೆಕಾಯಿ, ಎಣ್ಣೆ ಮಂಡಕ್ಕಿ ಎಸೆದು ಕಲಿಸಿದ್ದರೆ ಮೂರನೇ ದಿನದ ಪೊಟ್ಟಣ ಅದಕ್ಕೆ ಪರಿಚಿತ ಬಹುಮಾನ. ಹಂದಿಗೆಂದು ಕೆಲವರು ಕದ್ದು ಇಡುವ ಸಿಡಿಮದ್ದಿಗೂ ತಿನಿಸಿನ ಹೊದಿಕೆಯೇ ಇರುತ್ತದೆ.

ಆದ್ದರಿಂದ ಎರಡು ಕಟ್ಟುಪಾಡು. ನಿಮ್ಮ ಊರಲ್ಲಿ ಯಾವುದರಲ್ಲಿ ವಿಷ ಬೆರೆಸುತ್ತಾರೋ ಆ ತಿನಿಸು ಪಾಠಕ್ಕೆ ಬೇಡ. ತುತ್ತನ್ನು ಎಂದೂ ನೆಲಕ್ಕೆ ಎಸೆಯಬೇಡಿ, ಕೈಯಿಂದಲೇ ಬಾಯಿಗೆ ಕೊಡಿ. ಇನ್ನೊಂದು ಸಣ್ಣ ಮಾತು. ಊಟ ತರುವವನ ಹೆಜ್ಜೆ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯಾದ ಪಾವ್ಲೋವ್ (1904ರಲ್ಲಿ ನೊಬೆಲ್ ಪಡೆದವರು) ಬಹಳ ಹಿಂದೆಯೇ ತೋರಿಸಿದ್ದಾರೆ. ಪ್ಲಾಸ್ಟಿಕ್ ಕವರಿನ ಸದ್ದೂ ಹಾಗೆಯೇ. ತುತ್ತನ್ನು ಬಟ್ಟೆ ಚೀಲದಲ್ಲಿ ಇಡಿ.

'ಬಿಡು' ಕಲಿಸುವ ಬಗೆ ಹೀಗೆ. ಊಟಕ್ಕೆ ಮುಂಚೆ, ನಾಯಿಗೆ ಹಸಿವಿರುವಾಗ, ರೊಟ್ಟಿ ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ಮೂಗಿನ ಹತ್ತಿರ ಹಿಡಿಯಿರಿ. ನೆಕ್ಕಲಿ, ಕೆರೆಯಲಿ, ಸುಮ್ಮನಿರಿ. ಬೇಸತ್ತು ಮೂಗು ಹಿಂದೆಳೆದ ಆ ಕ್ಷಣಕ್ಕೆ ಇನ್ನೊಂದು ಕೈಯಿಂದ ಈಲಿ ಚೂರು ಕೊಡಿ. ನಾಲ್ಕೈದು ದಿನಕ್ಕೆ ಮುಷ್ಟಿ ಕಂಡರೇ ಹಿಂದೆ ಸರಿಯುತ್ತದೆ. 'ಬಿಡು' ಎಂಬ ಮಾತು ಸೇರಿಸುವುದು ಆಮೇಲೆ. ಮುಂದೆ ರೊಟ್ಟಿಯನ್ನು ನೆಲದಲ್ಲಿಟ್ಟು ಕಾಲಿನಿಂದ ಮುಚ್ಚಿ ಇದನ್ನೇ ಮಾಡಿ, ನಂತರ ಕಾಲು ತೆಗೆದು. ನೆಲದಲ್ಲಿಟ್ಟದ್ದನ್ನು ಬಹುಮಾನವಾಗಿ ಕೊಡಲೇಬಾರದು, ಇಲ್ಲಿ ತಪ್ಪುವವರೇ ಹೆಚ್ಚು. ಅದು ಚೀಲಕ್ಕೆ ವಾಪಸು, ಬಹುಮಾನ ಯಾವಾಗಲೂ ಕೈಯಿಂದ. ಕೊನೆಗೆ ಹೊಲದ ಬದುವಿನಲ್ಲಿ ಮೊದಲೇ ಚೂರು ಇಟ್ಟು ಬಂದು, ಹಗ್ಗ ಹಿಡಿದು ಅಲ್ಲಿ ನಡೆಸಿ. ಐದು ನಿಮಿಷದಂತೆ ದಿನಕ್ಕೆರಡು ಸಲ ಸಾಕು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಜ್ಜಿ ಜಗಲಿಯಿಂದ ಎಸೆಯುತ್ತಿದ್ದರೆ ನಿಮ್ಮ ಪಾಠ ನೀರಲ್ಲಿ ಹೋಮ!

ಕಲಿತ ಮೇಲೆ ಪ್ರತಿ ಸಲವೂ ತುತ್ತು ಬೇಡ. ಎರಡಕ್ಕೊಮ್ಮೆ, ಐದಕ್ಕೊಮ್ಮೆ ಕೊಡಿ. ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ನಾಯಿ ಇನ್ನಷ್ಟು ಆಸೆಯಿಂದ ಕೆಲಸ ಮಾಡುತ್ತದೆ, ಲಾಟರಿ ಕೊಳ್ಳುವವರ ಹಾಗೆ. 'ಬಾ', 'ಬಿಡು' ಎರಡಕ್ಕೆ ಮಾತ್ರ ಜಿಪುಣತನ ಮಾಡಬೇಡಿ.

ಎಷ್ಟೇ ಕಲಿತ ನಾಯಿಯಾದರೂ ಪಕ್ಕದ ಹೊಲದಲ್ಲಿ ವಿಷ ಇಟ್ಟ ದಿನ ಕಟ್ಟಿಹಾಕುವುದೇ ಸರಿ. ವಿಷ ಇಡುವವರು ನೆರೆಹೊರೆಗೆ ಒಂದು ಮಾತು ಮುಂಚೆ ಹೇಳಲಿ. ನಾಯಿ ಅದನ್ನು ತಿಂದದ್ದು ಗೊತ್ತಾದರೆ ಹಾಲು, ಅನ್ನ ತಿನ್ನಿಸಬೇಡಿ. ಊಟ ಬಿದ್ದರೆ ಹೊಟ್ಟೆಯ ಆಮ್ಲ ಹೆಚ್ಚಿ ಜಿಂಕ್ ಫಾಸ್ಫೈಡ್‌ನಿಂದ ಫಾಸ್ಫೀನ್ ಅನಿಲ ಇನ್ನೂ ಜಾಸ್ತಿ ಏಳುತ್ತದೆ. ವಾಂತಿಯ ಹತ್ತಿರ ಬಗ್ಗಬೇಡಿ, ಆ ಗಾಳಿ ನಮಗೂ ವಿಷ. ವಿಷದ ಖಾಲಿ ಪೊಟ್ಟಣ ಸಿಕ್ಕರೆ ಜೊತೆಗಿಟ್ಟುಕೊಂಡು ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಬ್ರೋಮಡಿಯೊಲೋನ್ ಬಿಲ್ಲೆಯಾದರೆ ಕೆ ಜೀವಸತ್ವದ ಚಿಕಿತ್ಸೆ ಇದೆ, ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಯಾವುದೆಂದು ವೈದ್ಯರಿಗೆ ತಿಳಿಯುವುದು ಆ ಪೊಟ್ಟಣದಿಂದಲೇ.