ಹಾಡುವ ಗಾಳಿಪಟ

ಮಲೇಶಿಯಾದ ಕೆಲಾಂತಾನ್ ರಾಜ್ಯದಲ್ಲಿ ಹಾರಿಸುವ ಒಂದು ಪಟಕ್ಕೆ ‘ವಾವ್ ಬುಲಾನ್’ ಎಂದು ಹೆಸರು. ಬುಲಾನ್ ಎಂದರೆ ಚಂದ್ರನು. ಇದರ ಬಾಲವು ಬಿದಿಗೆಯ ಚಂದ್ರನಂತೆ ಬಾಗಿರುವುದು. ಬಿದಿರಿನ ಚೌಕಟ್ಟಿಗೆ ಕಾಗದವನ್ನು ಅಂಟಿಸಿ, ಅದರ ಮೇಲೆ ಬಣ್ಣಕಾಗದದಲ್ಲಿ ಕತ್ತರಿಸಿದ ಹೂಬಳ್ಳಿಗಳನ್ನು ಪದರಪದರವಾಗಿ ಹಚ್ಚುವರು. ಇಷ್ಟೇ ಆಗಿದ್ದರೆ ಅದನ್ನು ಗೋಡೆಗೆ ತೂಗಹಾಕಬಹುದಾಗಿತ್ತು. ನೆತ್ತಿಗೆ ಕಟ್ಟುವ ಬಿಲ್ಲೇ ಅದಕ್ಕೆ ಕಂಠವನ್ನು ಕೊಡುವುದು.

ಬಿಲ್ಲಿನ ತುದಿಗಳ ನಡುವೆ ಬಿಗಿಯುವುದು ನೂಲನ್ನಲ್ಲ, ತೆಳ್ಳನೆಯ ಚಪ್ಪಟೆ ಪಟ್ಟಿಯನ್ನು. ಗಾಳಿಯು ಅಂಚಿಗೆ ತಾಕಿದೊಡನೆ ಪಟ್ಟಿಯು ಅತ್ತಿತ್ತ ಹೊರಳಿ ಅದುರಿ ಝೇಂಕರಿಸುವುದು. ಬಿಗಿ ಹೆಚ್ಚಿದರೆ ಸ್ವರವು ಏರುವುದು; ಪಟ್ಟಿಯು ಉದ್ದವಾದರೆ ತಗ್ಗುವುದು. ವೀಣೆ ಬಾರಿಸುವವರಿಗೆ ಇದು ಹೊಸತಲ್ಲ.

ಚೀನಾದಲ್ಲಂತೂ ಗಾಳಿಪಟದ ಹೆಸರೇ ‘ಫೆಂಗ್‌ಝೆಂಗ್’, ಅಂದರೆ ಗಾಳಿಯ ತಂತೀವಾದ್ಯ. ಅಲ್ಲಿಯ ನಾನ್‌ತೊಂಗ್ ನಗರದವರು ಪಟದ ತುಂಬ ಸೋರೆಬುರುಡೆಯ ಸಿಳ್ಳುಗಳನ್ನು ಕಟ್ಟುವರು. ಈ ಕಲೆಯನ್ನು ಆ ದೇಶವು 2006ರಲ್ಲಿ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾವೂ ಒಂದು ಚಂದ್ರಪಟವನ್ನು ಮಾಡಿನೋಡಿದೆವು. ಹೂಬಳ್ಳಿಗಳಿಗೆ ನಾಲ್ಕು ದಿನ ಕಳೆದೆವು. ಬಿಲ್ಲಿಗೆ ಅರ್ಧ ಗಳಿಗೆಯನ್ನೂ ಕೊಡಲಿಲ್ಲ. ಅದರ ಒಂದು ತೋಳು ದಪ್ಪವಾಗಿದ್ದುದರಿಂದ ಪಟವು ಎಡಕ್ಕೆ ವಾಲಿ ನೆಲಕ್ಕೆ ಬಿದ್ದು, ಬಳ್ಳಿಗಳೆಲ್ಲ ಹರಿದುಹೋದವು. ಚಿಕ್ಕ ತರಗತಿಯವರು ಅತ್ತೇಬಿಟ್ಟರು. ಮರುಸಲ ಬಿಲ್ಲಿನ ನಡುವನ್ನು ಬೆರಳ ಮೇಲಿರಿಸಿ, ಎರಡು ಕಡೆಯೂ ಸಮತೂಕವಾಗುವವರೆಗೆ ಹೆರೆದೆವು. ಗಾಳಿಗೆ ಹಿಡಿದು ಸ್ವರವನ್ನು ಕೇಳಿದ ಮೇಲೆಯೇ ಪಟಕ್ಕೆ ಕಟ್ಟಿದೆವು. ಗಾಜಿನ ಪುಡಿ ಸವರಿದ ದಾರವನ್ನು ಮಾತ್ರ ಯಾರೂ ಮಕ್ಕಳ ಕೈಗೆ ಕೊಡಕೂಡದು. ನಾವು ಬರಿಯ ಹತ್ತಿದಾರವನ್ನೇ ಬಳಸಿದೆವು. ಪಟವು ಮೇಲೇರಿದಾಗ ಝೇಂಕಾರವು ಕಿವಿಗೆ ಬೀಳುವ ಮೊದಲೇ ದಾರ ಹಿಡಿದವಳ ಬೆರಳಿಗೆ ತಿಳಿಯಿತು.